ಹೆಡ್ವಿಕಾಳ ದಿಂಬು

ಹೆಬ್ಬಾತಿನ ತುಪ್ಪುಳವನ್ನು ಹಿಡಿಹಿಡಿಯಾಗಿ ದಿಂಬಿನ ಚೀಲಕ್ಕೆ ತುಂಬುತ್ತಿದ್ದ ಅಪೊಲೆನಾ, ಚರ್ಚಿನಲ್ಲಿ ಆರ್ಗನ್ ನುಡಿಸುವ ವೊಂದ್ರಾ ಮೇಷ್ಟ್ರು ಒಳಗೆ ಬಂದರೂ ತಲೆಯೆತ್ತಲಿಲ್ಲ. ಮುಂದಿನ ಕೋಣೆಯಲ್ಲಿ ಅವಳ ತಂಗಿ ಹೆಡ್ವಿಕಾ ಶವಪೆಟ್ಟಿಗೆಯಲ್ಲಿ ಮಲಗಿದ್ದಳು.

"ಅಪೊಲೆನಾ, ಇವತ್ತು ಗೋರಿ ಹತ್ರ ನೀನು ಹಾಡೋದು ಬೇಡಮ್ಮ," ಎಂದರು ಮೇಷ್ಟ್ರು, ಕೈಯಲ್ಲಿ ಟೋಪಿ ತಿರುಗಿಸುತ್ತ. "ಪ್ರಾಗ್‌ನ ಒಪೆರಾದೋರು ಒಬ್ಬ ಗಾಯಕೀನ ಕಳಿಸಿದ್ದಾರೆ."

"ಈ ಊರಲ್ಲಿ ಸತ್ತೋರಿಗೆಲ್ಲ ನಾನೇ ಹಾಡಿದೀನಲ್ಲ ಮೇಷ್ಟ್ರೇ. ಆ ಕುಡುಕ ಮಾತೌಷ್‌ಗೂ ಹಾಡಿದೀನಿ."

"ಹೌದು. ಆದ್ರೆ ಇವಳು ಹೆಡ್ವಿಕಾ."

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಫ್ರಾಂತಿಷ್ಕಾ ಕಿಸಕ್ಕೆಂದಳು. "ಸತ್ತ ಮೇಲೂ ನಿನ್ನ ಜಾಗ ಕಿತ್ಕೊಂಡ್ಳಲ್ಲೇ ನಿನ್ನ ತಂಗಿ!"

"ಬಾಯ್ಮುಚ್ಚೆ. ಮಣ್ಣು ಮಾಡಿ ಬಂದೋರಿಗೆ ಬೀರಿನ ಪೀಪಾಯಿ ಬಂತಾ ನೋಡು ಹೋಗು."

ಒಪೆರಾದಲ್ಲಿ ಹೆಡ್ವಿಕಾ ಯಾವತ್ತೂ ಹಿಂದಿನ ಸಾಲಿನ ಮೇಳದವಳೇ. ರಾಣಿಯ ಪಾತ್ರಕ್ಕೆ ಕಾದು ಕಾದು ಕಂಠ ಒಡೆಯಿತು. ಊರಿಗೆ ಮರಳಿ, ಅಕ್ಕನ ಹೆಬ್ಬಾತು ಮೇಯಿಸಿಕೊಂಡು ಮುದುಕಿಯಾದಳು. ಊರಿಗೆ ಮಾತ್ರ ಅವಳು ಕೊನೆವರೆಗೂ ರಾಣಿ. ಅಂಗಡಿಗೆ ಹೋದರೆ ಅವಳಿಗೆ ಕೂರಲು ಕುರ್ಚಿ, ಅಪೊಲೆನಾಳಿಗೆ ಹೊರಲು ಬುಟ್ಟಿ.

*

ಅಕ್ಕತಂಗಿಯರಿನ್ನೂ ಹುಡುಗಿಯರಾಗಿದ್ದ ಒಂದು ಚಳಿಗಾಲ, ಹೆಂಗಸರೆಲ್ಲ ಅಡುಗೆಮನೆಯ ಮೇಜಿನ ಸುತ್ತ ಕೂತು ಹೆಬ್ಬಾತಿನ ಪುಕ್ಕದಿಂದ ತುಪ್ಪುಳ ಬಿಡಿಸುತ್ತಿದ್ದರು. ಜೋರಾಗಿ ಉಸಿರು ಬಿಡುವಂತಿಲ್ಲ. ತುಪ್ಪುಳ ಹಾರಿದರೆ ಅಮ್ಮನ ಸೌಟು ಬೆನ್ನಿಗೆ. ಪಟ್ಟಣದಿಂದ ಬಂದಿದ್ದ ಹಾಡಿನ ಗುರು ಅಕ್ಕತಂಗಿಯರನ್ನು ನೋಡಿ ನಕ್ಕರು. "ಈ ತುಪ್ಪುಳದ ರಾಶಿ ಮುಂದೆ ಹಾಡಿ. ಅದು ಅಲುಗದ ಹಾಗೆ ಹಾಡಿದೋಳನ್ನ ನಾನು ಪ್ರಾಗ್‌ಗೆ ಕರ್ಕೊಂಡು ಹೋಗ್ತೀನಿ."

ಹೆಡ್ವಿಕಾ ಹಾಡಿದಳು. ಒಂದೆಳೆಯೂ ಮಿಸುಕಲಿಲ್ಲ. ಅಪೊಲೆನಾ ಬಾಯಿ ತೆರೆದಾಗ, ಮೇಜಿನ ಕೆಳಗೆ ತಂಗಿಯ ಕಾಲ್ಬೆರಳು ಅವಳ ಅಂಗಾಲಿಗೆ ಕಚಗುಳಿಯಿಟ್ಟಿತು. ನಗು ಉಕ್ಕಿತು. ಅಡುಗೆಮನೆ ತುಂಬ ಹಿಮ ಸುರಿದ ಹಾಗೆ ತುಪ್ಪುಳ.

*

ಹೊರಗೆ ಹಿತ್ತಾಳೆ ವಾದ್ಯದವರು ಶ್ರುತಿ ನೋಡುತ್ತಿದ್ದರು. ಶವಪೆಟ್ಟಿಗೆ ಹೊರುವವರು ಅದರ ಮುಚ್ಚಳ ಎತ್ತಿಕೊಂಡು ಬಂದರು. "ಹಾಕ್ಬಿಡೋಣ್ವಾ, ಅಪೊಲೆನತ್ತೆ?"

"ತಲೆ ಕೆಳಗೆ ದಿಂಬಿಡಬೇಕು. ಒಂದ್ಗಳಿಗೆ ಹೊರಗಿರಿ."

ಬಾಗಿಲು ಹಾಕಿಕೊಂಡಳು. ತಂಗಿಯ ತಲೆಯನ್ನು ಎಡಗೈಯಲ್ಲಿ ಎತ್ತಿ ದಿಂಬು ಸರಿಸಿದಳು. ಸರಿಯಾಗಿ ಹೊಲಿಯದ ಮೂಲೆಯಿಂದ ಒಂದೆಳೆ ತುಪ್ಪುಳ ಹೊರಬಿದ್ದು, ತೇಲಿ, ಹೆಡ್ವಿಕಾಳ ಮೇಲ್ದುಟಿಯ ಮೇಲೆ ಕೂತಿತು. ತೆಗೆಯಲು ಹೋದ ಅಪೊಲೆನಾ ಕೈ ಹಿಂದಕ್ಕೆಳೆದುಕೊಂಡಳು.

"ಈಗ ಇಡು ನೋಡೋಣ ಕಚಗುಳಿ," ಎಂದಳು.

ಮೂಗಿಗೆ ಮೂಗು ತಾಗುವಷ್ಟು ಬಾಗಿ, ಊರಿನ ಎಲ್ಲ ಸಾವಿಗೂ ಹಾಡಿದ ಆ ಹಾಡನ್ನು ಮೊದಲಿನಿಂದ ಹಿಡಿದು ಕಡೆಯ ಸಾಲಿನವರೆಗೂ ಹಾಡಿದಳು.

ತಂಗಿಯ ತುಟಿಯ ಮೇಲಿನ ತುಪ್ಪುಳ ಅಲುಗಲಿಲ್ಲ.