ತೆನ್ಮೊಳಿಯ ರುಜು

ಬೆಳಗಿನಿಂದ ಹೊಟ್ಟೆಯಲ್ಲಿ ಮಗು ಆಡಿಲ್ಲ ಎಂದು ತೆನ್ಮೊಳಿ ಹೇಳಿದ ಕೂಡಲೇ ಒಲೆ ಆರಿಸಿ, ಅವಳನ್ನು ಕರೆದುಕೊಂಡು ವೆಳ್ಳಕೋಯಿಲ್ ಬಸ್ಸು ಹತ್ತಿದೆ. ಅವಳು ನನ್ನ ಅಣ್ಣನ ಮಗಳು, ತಾಯಿಯಿಲ್ಲದವಳು. ಬಸುರಿಗೆ ಎಂಟು ತಿಂಗಳು ತುಂಬಿತ್ತು. ಅವಳಿಗೂ ಗಂಡ ಶರವಣನಿಗೂ ಎಚ್‌ಐವಿ ಇದೆ. ಐದು ವರ್ಷದಿಂದ ಒಂದು ಹೊತ್ತೂ ಮಾತ್ರೆ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ಸು ಕಾಣದಷ್ಟು ತಗ್ಗಿದೆ, ಧೈರ್ಯವಾಗಿ ಮಗು ಮಾಡಿಕೊಳ್ಳಿ ಎಂದು ಮಾತ್ರೆ ಕೊಡುವ ಕೋಯಮತ್ತೂರಿನ ಸರ್ಕಾರಿ ಆಸ್ಪತ್ರೆಯವರೇ ಹೇಳಿದ್ದರು.

ವೆಳ್ಳಕೋಯಿಲಿನ ಖಾಸಗಿ ಆಸ್ಪತ್ರೆಯ ಡಾಕ್ಟರಮ್ಮ ಫೈಲು ನೋಡಿ ಒಂದು ಕಾಗದ ಚಾಚಿದರು. "ಮೊದಲು ರುಜು. ಆಮೇಲೆ ಸ್ಕ್ಯಾನ್."

ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿದೆ. ಹೆರಿಗೆಯ ಜೊತೆಗೇ ಮಕ್ಕಳಾಗದ ಆಪರೇಷನ್ನಿಗೂ ಒಪ್ಪಿದ್ದೇನೆ ಎಂದಿತ್ತು.

"ಇದ್ಯಾಕಮ್ಮ?" ತಮಿಳಿನಲ್ಲಿ ಕೇಳಿದೆ.

"ನಿಮ್ಮಂಥವರಿಗೆ ಒಂದೇ ಜಾಸ್ತಿ, ಪಾಟಿ. ಹೊರಗೆ ಕೂತು ಯೋಚನೆ ಮಾಡಿ."

ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಒಂದು ರೂಢಿ. ನಾಲ್ಕು ಜನರ ಮುಂದೆ ಗುಟ್ಟಿನ ಮಾತು ಬಂದರೆ ತಮಿಳು ಬಿಟ್ಟು ಕನ್ನಡಕ್ಕೆ ಇಳಿಯುತ್ತೇವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಯಾರೂ ಒಮ್ಮೆಯೂ ತಿರುಗಿ ನೋಡಿಲ್ಲ. ಬೆಂಚಿನ ಮೇಲೂ ನಾನು ದನಿ ತಗ್ಗಿಸಲಿಲ್ಲ.

"ರುಜು ಹಾಕ್ಬಿಡು, ನನ್ ಕಣ್ಣೇ. ಸ್ಕ್ಯಾನ್ ಆಗ್ಲಿ. ನೋವು ಬಂದ್ರೆ ಇಲ್ಲಿಗ್ಯಾಕೆ ಬರೋಣ? ನೆಟ್ಟಗೆ ಕೋಯಮತ್ತೂರು. ಈ ಕಾಗ್ದಾನ ಇವ್ರೇ ಉಪ್ಪು ಹಾಕ್ಕೊಂಡು ನೆಕ್ಲಿ."

ಬೆಳಗಿನಿಂದ ಮೊದಲ ಸಲ ಅವಳು ನಕ್ಕಳು. "ಅತ್ತೆ, ನೀ ದೊಡ್ಡ ಕಳ್ಳಿ."

"ಇವ್ರ ಹತ್ರ ಕಳ್ಳಿ ಆಗ್ದೆ ಬದುಕೋಕಾಗತ್ತಾ?"

"ನಂಗೆ ಇನ್ನೊಂದು ಬೇಕು ಅತ್ತೆ. ಒಂಟಿಯಾಗಿ ಬೆಳ್ದೋರ ಕಷ್ಟ ನಂಗೊತ್ತು."

ಔಷಧಿ ಗಾಡಿ ತಳ್ಳುತ್ತಿದ್ದ ನರ್ಸು ನಮ್ಮ ಮುಂದೆ ನಿಂತಳು. ಎದೆಯ ಮೇಲೆ ಭಾವನಾ ಎಂದು ಹೆಸರಿತ್ತು.

"ಅಜ್ಜಿ, ನಮ್ಮೂರು ದಾವಣಗೆರೆ. ನಂಗೂ ಕನ್ನಡ ಬರುತ್ತೆ."

ನಾನು, ಪೆದ್ದಿ, ಒಂದು ಗಳಿಗೆ ಹಿಗ್ಗಿದೆ. ನಮ್ಮ ಮಾತಿನವಳು ಸಿಕ್ಕಳಲ್ಲ ಎಂದು ಎದ್ದು ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡು ಡಾಕ್ಟರ ಕೋಣೆಗೆ ಹೋದಳು.

ಮತ್ತೆ ಒಳಗೆ ಕರೆದಾಗ ಡಾಕ್ಟರಮ್ಮ ತಲೆಯೆತ್ತಲಿಲ್ಲ. "ಬರೀ ಕಾಗದ ಸಾಲದು. ಇವತ್ತೇ ಅಡ್ಮಿಟ್ ಆಗಬೇಕು. ಕುಯ್ದು ಮಗು ತೆಗೆದು, ಜೊತೆಗೇ ಆ ಆಪರೇಷನ್ನನ್ನೂ ಮುಗಿಸುತ್ತೇವೆ. ಇಲ್ಲದಿದ್ದರೆ ಕೋಯಮತ್ತೂರಿಗೆ ಈಗಲೇ ಹೊರಡಿ."

"ಎದೆಬಡಿತ ಒಂದು ಸಲ ಕೇಳಿಸಿ ಮ್ಯಾಡಂ," ತೆನ್ಮೊಳಿ ಬೇಡಿದಳು. "ಇದೆಯಾ ಇಲ್ಲವಾ ಗೊತ್ತಾದರೆ ಸಾಕು. ಹೊರಟುಹೋಗುತ್ತೇವೆ."

"ಎರಡೂವರೆ ಗಂಟೆ ದಾರಿ. ಏನಾದರೂ ಆದರೆ ನಮ್ಮನ್ನು ಕೇಳಬೇಡಿ." ಪೆನ್ನು ಮೇಜಿನ ಈಚೆಗೆ ಉರುಳಿತು.

ಕಾರು ಹಿಡಿಯೋಣ ಎಂದೆ ನಾನು. ಈಗ ಪಿಸುಮಾತಿನಲ್ಲಿ. ತೆನ್ಮೊಳಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಕಾದಳು. ನಾನೂ ಅವಳ ಮುಖ ನೋಡುತ್ತ ಕಾದೆ. ಒಳಗಿನಿಂದ ಏನೂ ಬರಲಿಲ್ಲ. ಅವಳು ಪೆನ್ನು ತೆಗೆದುಕೊಂಡಳು. ಸಾಕ್ಷಿಯ ಜಾಗದಲ್ಲಿ ನಾನು ಕನ್ನಿಯಮ್ಮಾಳ್ ಎಂದು ಬರೆದೆ.

ಸ್ಕ್ಯಾನಿನಲ್ಲಿ ಎದೆಬಡಿತ ಕುದುರೆಯ ಹಾಗೆ ಓಡುತ್ತಿತ್ತು. ಕಾಗದ ಆಗಲೇ ಫೈಲಿನೊಳಗಿತ್ತು.

ಸಂಜೆ ಭಾವನಾ ಕೈಗೆ ಎರಡೆರಡು ಗ್ಲೌಸು ಹಾಕಿಕೊಂಡು ಕೂಸನ್ನು ತಂದಳು. "ಹೆಣ್ಣು ಮಗು, ಅಜ್ಜಿ. ಗಟ್ಟಿಯಾಗಿದೆ."

"ಇನ್ನೊಂದು ಕೆಲ್ಸ?"

"ಅದೂ ಆಯ್ತು."