ನೀಲಿ ಬಿಟ್ಟ ಮೇಲೆ

ಇನ್ನೂ ಪೂರ್ತಿ ಬಿಟ್ಟಿರಲಿಲ್ಲ ನೀಲಿ. ಕಾಂತೇಶ ಮಾಳಿಗೆಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ಪ್ಲಾಸ್ಟಿಕ್ ಡಬ್ಬಿಯನ್ನೇ ನೋಡುತ್ತಿದ್ದ. ಕಾಸ್ಟಿಕ್ ಸೋಡದ ನೀರಿನಲ್ಲಿ ಅವನ ರಿಮೋಟ್ ಕಾರಿನ, ಗಾಲಿ ಹಿಡಿಯುವ ಅಲ್ಯೂಮಿನಿಯಂ ತೋಳುಗಳು ಬುಸುಬುಸು ಗುಳ್ಳೆ ಬಿಡುತ್ತಿದ್ದವು.

ಇಷ್ಟು ವಯಸ್ಸಿನ ಗಂಡಸಿಗೆ ಆಟದ ಕಾರು ಯಾಕೆ ಅಂತ ಶಹಾಪುರದಲ್ಲಿ ಯಾರೂ ಕೇಳಿರಲಿಲ್ಲ. ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಮೇಷ್ಟ್ರು, ಏನೋ ಪ್ರಯೋಗ ಇರಬೇಕು ಅಂದುಕೊಂಡು ಜನ ಸುಮ್ಮನಿದ್ದರು. ಕಂಪನಿಯವರು ಕೊಟ್ಟ ನೀಲಿ ಲೇಪ ಅವನಿಗೆ ಸೇರುತ್ತಿರಲಿಲ್ಲ, ಅಷ್ಟೇ. ಅದನ್ನು ಕಿತ್ತು, ಪಾಲಿಶ್ ಹಚ್ಚಿ, ಕನ್ನಡಿ ಮಾಡಬೇಕು. ಆಮೇಲೂ ಬಿಡುವಂತಿಲ್ಲ. ಲೇಪ ಕಳೆದುಕೊಂಡ ಲೋಹ ಬೇಗ ಮಂಕಾಗುತ್ತದೆ. ತಿಕ್ಕುತ್ತಿರಬೇಕು, ಮೇಣ ಸವರುತ್ತಿರಬೇಕು. ಅದೊಂದು ಸಂಸಾರವೇ. ಬೇರೆ ಸಂಸಾರ ಅವನಿಗಿರಲಿಲ್ಲ.

"ಕಾಂತೂ."

ಮೆಟ್ಟಿಲ ಕೊನೆಯಲ್ಲಿ ಅಪ್ಪ ನಿಂತಿದ್ದ. ಫೋನು ಮಾಡದೆ, ಒಗೆದ ಧೋತರ ಉಟ್ಟು, ದೇವಾಪುರದಿಂದ ಬಂದಿದ್ದ ಅಂಬ್ರಪ್ಪ.

ಕಾಂತೇಶ ಮೊದಲು ನೋಡಿದ್ದು ಅಪ್ಪನ ಮುಖವನ್ನಲ್ಲ, ಕೆಳಗಿನ ಅಂಗಳವನ್ನು. ಕೆಳಗಿರುವ ಮನೆ ಮಾಲೀಕ ಸೂಗಪ್ಪನ ಬೈಕು ಇರಲಿಲ್ಲ. ಸದ್ಯ.

"ಕೆಳಗ ಯಾರರ ಮಾತಾಡ್ಸಿದ್ರೇನು?"

"ಇಲ್ಲ. ಯಾಕ?"

"ಏನಿಲ್ಲ. ಸುಮ್ನ ಕೇಳ್ದೆ."

ದಲಿತರ ಕೇರಿಯವನು ಅಂತ ನಿಜ ಹೇಳಿ ಈ ಊರಲ್ಲಿ ಸಾಕಷ್ಟು ಬಾಡಿಗೆ ಮನೆ ಕಳೆದುಕೊಂಡಿದ್ದ. ಹಾಗಾಗಿ ಸೂಗಪ್ಪ "ನಮ್ಮ ಪೈಕಿನೇ ಏನ್ರಿ ಸರ್?" ಅಂದಾಗ ಹ್ಞೂಂ ಅಂದುಬಿಟ್ಟಿದ್ದ. ಒಂದು ಹ್ಞೂಂ, ಅದಕ್ಕೇನು ಮಹಾ! ಆ ಹ್ಞೂಂ ಒಳಗೇ ಎರಡು ವರ್ಷದಿಂದ ಉಂಡು ಮಲಗುತ್ತಿದ್ದ. ಹಬ್ಬಕ್ಕೆ ಕೆಳಗಿನಿಂದ ಹೋಳಿಗೆ ಬರುತ್ತಿತ್ತು. ತಿನ್ನುತ್ತಿದ್ದ.

ಅಂಬ್ರಪ್ಪ ಡಬ್ಬಿಯೊಳಗೆ ಇಣುಕಿದ.

"ನೀಲಿ ಚಲೋ ಇತ್ತಲ್ಲೋ. ಯಾಕ ತೆಗಿಲಾಕತ್ತಿ?"

"ಒಳಗಿಂದು ಕಾಣ್ಲಿ ಅಂತ."

"ಹ್ಞಾಂ." ಅಪ್ಪ ನೆಲದ ಮೇಲೆ ಕೂತ. "ನಿನ್ನ ತಂಗಿದು ಗಟ್ಟಿ ಆದಂಗ. ಸುರಪುರದ ಬೀಗರು ಐತ್ವಾರ ಇಲ್ಲಿಗಿ ಬರ್ತಾರ. ಹುಡುಗಿ ಅಣ್ಣನ ಮನಿ ನೋಡಬೇಕಂತ. ಹೂಂ ಅಂದೀನಿ."

"ಐತ್ವಾರ ಪೇಪರ್ ತಿದ್ದೋದು ಅದ."

"ಒಂದ್ ತಾಸಿನ ಮಾತು."

"ನೋಡೂಣು."

"ನೋಡೂದೇನೋ? ಒಲ್ಲೆ ಅಂದ್ರ ಅವರು ಏನ್ ತಿಳ್ಕೊಂಡಾರು? ಪಂಚಶೀಲಾ ನಿನ್ನ ತಂಗಿ ಅಲ್ಲೇನು?"

ಕಾಂತೇಶ ಒಂದು ತೋಳನ್ನು ಇಕ್ಕಳದಿಂದ ಎತ್ತಿ ತೊಳೆಯತೊಡಗಿದ. ತೊಳೆಯುವಾಗ ಮಾತಾಡಬೇಕಾಗಿಲ್ಲ. ಹಳೆ ಪೇಪರಿನ ಮೇಲಿದ್ದ, ಆಗಲೇ ತಿಕ್ಕಿ ಹೊಳಪು ಬಂದಿದ್ದ ಇನ್ನೊಂದು ತೋಳನ್ನು ಅಪ್ಪ ಕೈಗೆತ್ತಿಕೊಂಡು ತಿರುತಿರುಗಿಸಿ ನೋಡಿದ. ಮಗ ಮಾಡಿದ್ದು ಅಂತ ಅವನಿಗೆ ಖುಷಿಯಾಗಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು.

ಕೆಳಗೆ ಬೈಕು ನಿಂತ ಸದ್ದಾಯಿತು. ಸೂಗಪ್ಪ ನೆಟ್ಟಗೆ ಮೇಲೆ ಬಂದ.

"ಸರ್, ನಳ ಬಂದಾವ, ನೀರು ತುಂಬ್ಕೊಳ್ರಿ." ಆಮೇಲೆ ಅಂಬ್ರಪ್ಪನನ್ನು ನೋಡಿದ. "ಇವರ್ಯಾರ್ರಿ?"

ಎರಡೇ ಅಕ್ಷರದ ಉತ್ತರ. ಅಪ್ಪ. ಅದು ಕಾಂತೇಶನ ನಾಲಿಗೆಯ ತುದಿವರೆಗೆ ಬಂತು, ಅಲ್ಲೇ ಕೂತಿತು.

ಅಂಬ್ರಪ್ಪ ಮಗನ ಮುಖ ನೋಡಿದ. ಬಹಳ ಹೊತ್ತು ನೋಡಲಿಲ್ಲ. ತೋಳನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತ.

"ನಾ ಸರ್ ಅವರ ಹೊಲದಾಗ ದುಡ್ಯಾಂವ್ರಿ. ಊರಾಗಿನ ಸುದ್ದಿ ಹೇಳಾಕ ಬಂದಿದ್ದೆ."

ಕಾಂತೇಶನಿಗೆ ಹೊಲವೇ ಇರಲಿಲ್ಲ.

"ಮತ್ತ ಅದನ್ಯಾಕ ಮುಟ್ಟಿದ್ಯೋ?" ಸೂಗಪ್ಪನ ದನಿ ಒಮ್ಮೆಲೇ ಏಕವಚನಕ್ಕೆ ಇಳಿಯಿತು. "ಸರ್ ದಿನಾ ತಿಕ್ಕೊಂತ ಕೂಡ್ತಾರ. ನೋಡು, ಅದಕ್ಕ ಕೈ ಹೊಲಸು ಹತ್ತಿಸೀದಿ."

ಅಂಬ್ರಪ್ಪನ ಬೆರಳ ತುದಿಗಳು ಕಪ್ಪಾಗಿದ್ದವು. ಅವನು ಅವನ್ನೇ ನೋಡಿಕೊಂಡ. ಮಗನ ಮನೆಗೆ ಅಂತ ಸೋಪು ಹಚ್ಚಿ ತೊಳೆದುಕೊಂಡು ಬಂದ ಕೈ.

"ತಪ್ಪಾತ್ರಿ." ತೋಳನ್ನು ಪೇಪರಿನ ಮೇಲಿಟ್ಟು, ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

ಅದು ಕೈಯ ಹೊಲಸಲ್ಲ. ಲೇಪ ಹೋದ ಅಲ್ಯೂಮಿನಿಯಂ ಮುಟ್ಟಿದವರಿಗೆಲ್ಲ ಕಪ್ಪು ಹತ್ತಿಸುತ್ತದೆ. ಕಪ್ಪು ಲೋಹದ್ದು. ಸೂಗಪ್ಪ ಮುಟ್ಟಿದರೂ ಅವನ ಕೈಗೂ ಹತ್ತುತ್ತದೆ. ಇಷ್ಟನ್ನು ಹೇಳಲು ಎಮ್ಮೆಸ್ಸಿ ಬೇಕಾಗಿರಲಿಲ್ಲ. ಕಾಂತೇಶ ಎಮ್ಮೆಸ್ಸಿ ಮಾಡಿದ್ದ. ಹೇಳಲಿಲ್ಲ.

"ಬರ್ತೀನ್ರಿ ಸರ್. ಐತ್ವಾರದ್ದು ಚಿಂತಿ ಮಾಡಬ್ಯಾಡ್ರಿ. ಬರೂದು ಬ್ಯಾಡ ಅಂತ ಅವರಿಗಿ ಹೇಳ್ತೀನಿ."

ಅಂಬ್ರಪ್ಪ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಕಾಂತೇಶನಿಗೆ ನಾಚಿಕೆಯಾಯಿತು. ಅದಕ್ಕಿಂತ ಮೊದಲು ನಿರಾಳವಾಗಿತ್ತು.

"ಆಳು ಮನಿಷಾ, ಪಾಪ, ಏನ್ ತಿಳೀತದ," ಸೂಗಪ್ಪ ನಕ್ಕ. "ಒರಸಿಬಿಡ್ರಿ ಸರ್, ಹೋಗ್ತದ."

ಒರೆಸುವುದನ್ನು ನೋಡಲು ಅಲ್ಲೇ ನಿಂತ. ಕಾಂತೇಶ ಬಿಳಿ ಬಟ್ಟೆ ತೆಗೆದುಕೊಂಡು ಅಪ್ಪ ಮುಟ್ಟಿದ ಜಾಗವನ್ನು ತಿಕ್ಕಿದ. ಬಟ್ಟೆ ಕಪ್ಪಾಯಿತು. ಮಡಿಕೆ ಬದಲಿಸಿ ತಿಕ್ಕಿದ. ಮತ್ತೆ ಕಪ್ಪು.

"ಈಗ ನೋಡ್ರಿ, ಹೆಂಗ ಹೊಳಿತದ!" ಸೂಗಪ್ಪ ತೃಪ್ತಿಯಿಂದ ಇಳಿದುಹೋದ.

ಹೊಳೆಯುತ್ತಿತ್ತು, ಸುಳ್ಳಲ್ಲ. ಆದರೂ ಕಾಂತೇಶ ನಿಲ್ಲಿಸಲಿಲ್ಲ. ತಿಕ್ಕಿದಷ್ಟೂ ಹೊಳೆಯಿತು, ತಿಕ್ಕಿದಷ್ಟೂ ಕಪ್ಪು ಬಂತು. ಬಟ್ಟೆಯಲ್ಲಿ ಬಿಳಿ ಮಡಿಕೆ ಒಂದೂ ಉಳಿಯದಾದಾಗ ತೊಟ್ಟ ಅಂಗಿಯ ತುದಿಯನ್ನು ಎಳೆದುಕೊಂಡು ತಿಕ್ಕತೊಡಗಿದ.