ಗುಳಿಗೆ ಅಲ್ಲ, ಪುಡಿ

ಬಸವಣಪ್ಪನವರ ಹೆಸರಿನ ಕೆಳಗೆ ಏನು ಬರೆಸಬೇಕು ಎಂಬ ಗಹನವಾದ ಪ್ರಶ್ನೆ ಅಂದು ಬೆಳಗಿನಿಂದ ಬಸವಕಲ್ಯಾಣದ ಆ ಓಣಿಯನ್ನು ಕಾಡುತ್ತಿತ್ತು. ಅದು ಇತ್ಯರ್ಥವಾಗುವವರೆಗೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸುವ ಕೆಲಸವೂ ಅರ್ಧಕ್ಕೆ ನಿಂತಿತ್ತು. ಹಗ್ಗ ಹಿಡಿದವನು ಹಗ್ಗ ಹಿಡಿದೇ ನಿಂತಿದ್ದ, ಭುಜ ಹಿಡಿದವನು ಭುಜ. ಸತ್ತವರ ತಮ್ಮ ಧನರಾಜ ಫ್ಲೆಕ್ಸ್ ಅಂಗಡಿಯವನೊಂದಿಗೆ ಫೋನಿನಲ್ಲಿದ್ದ.

“ವಿಜ್ಞಾನಿ ಅಂತ ಹಾಕಪಾ. ಇಲ್ಲ ಇಲ್ಲ, ರಾಕೆಟ್ಟಿಂದಲ್ಲ. ಇವರದು ಬ್ಯಾರೆ.”

ಬೇರೆ ಎಂದರೆ ಏನು ಎಂದು ಆ ಕಡೆಯವನು ಕೇಳಿರಬೇಕು. ಧನರಾಜ ಫೋನಿಗೆ ಅಂಗೈ ಮುಚ್ಚಿ ಸುತ್ತಲೂ ನೋಡಿದ.

“ಉಚ್ಚಿ ಸಾಹೇಬ್ರು ಅಂತ ಹಾಕಸು, ಇಡೀ ಊರಿಗೆ ತಿಳೀತದ,” ಎಂದರು ರಾಜೇಶ್ವರದಿಂದ ಬಂದಿದ್ದ ಮಾಣಿಕಪ್ಪ. ಸತ್ತವರ ಸೋದರಮಾವನ ಮಗನಾದ್ದರಿಂದ ಅವರಿಗೆ ಹೆಣದ ಮುಂದೆಯೂ ಚೇಷ್ಟೆಯ ಹಕ್ಕಿತ್ತು.

“ಭಾವ, ಇವತ್ತರೆ ಸುಮ್ಮ ಕುಂಡ್ರು,” ಎಂದ ಧನರಾಜ.

“ಯಾಕ, ನಾ ಸುಳ್ಳ ಹೇಳಾಕತ್ತೇನೇನು? ಜೀವಮಾನ ಎಲ್ಲಾ ದಿಲ್ಲ್ಯಾಗ ಕುಂತು ಮಂದಿ ಉಚ್ಚಿ ಸೋಸಿದ. ಕಡೀಕ ತಮ್ಮನ ಮಗಳದೇ ಗುರ್ತ ಸಿಗಲಿಲ್ಲ ಅವನಿಗೆ!”

ಎಲ್ಲರೂ ಒಮ್ಮೆ ಸತ್ತವರ ಹೆಂಡತಿ ಮಾಣಿಕಮ್ಮನ ಕಡೆ ನೋಡಿ ಬೇರೆ ಕಡೆ ನೋಡಿದರು. ಗಂಡನ ಕಾಲ ಬಳಿ ಕುಳಿತಿದ್ದ ಆಕೆ ತಲೆಯೆತ್ತಲಿಲ್ಲ. ಬಸವಣಪ್ಪ ದಿಲ್ಲಿಯಲ್ಲಿ ಕೆಲಸಕ್ಕಿದ್ದದ್ದು ಆಟಗಾರರ ಮೂತ್ರದಲ್ಲಿ ನಿಷೇಧಿತ ಮದ್ದಿನ ಕುರುಹು ಹುಡುಕುವ ಪ್ರಯೋಗಾಲಯದಲ್ಲಿ. ತಮ್ಮನ ಮಗಳ ಬಾಟಲಿಯೂ ಅಲ್ಲಿಗೇ ಹೋಗಿತ್ತು. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ನಂಬರ್ ಇರುತ್ತದೆ ಎಂದು ಬಸವಣಪ್ಪ ಸಾಯುವವರೆಗೂ ಹೇಳಿದ್ದರು. ಊರು ‘ಹೌದ್ರಿ, ಹೌದ್ರಿ’ ಎಂದು ಕೇಳಿಸಿಕೊಂಡು, ನಂಬದೆ ಎದ್ದು ಹೋಗುತ್ತಿತ್ತು.

ಕೊನೆಗೆ ‘ನಿವೃತ್ತ ಕೇಂದ್ರ ಸರಕಾರಿ ಅಧಿಕಾರಿ’ ಎಂದಾಯಿತು. ಭುಜ ಹಿಡಿದವನು ಉಸಿರುಬಿಟ್ಟು, ಹಣೆಗೆ ವಿಭೂತಿ ತನ್ನಿ ಎಂದ.

ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟಿ ನಿಂತಿತು. ಧನರಾಜನ ಮಗಳು ಸ್ನೇಹಲ್. ಹುಮನಾಬಾದಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿರುವ ಆಕೆ ತನ್ನ ಓಟಕ್ಕೆ ನಿಷೇಧ ಬಿದ್ದ ಮೇಲೆ ದೊಡ್ಡಪ್ಪನ ಹೊಸ್ತಿಲು ತುಳಿದಿರಲಿಲ್ಲ. ಹಿಂದೆ ಕುಳಿತಿದ್ದ ಹುಡುಗಿ ವರ್ಷಾ, ಆಕೆಯ ಕೈಕೆಳಗೆ ಓಟ ಕಲಿಯುವವಳು. ಇಳಿಯುವಾಗ ಬಲಗಾಲನ್ನು ಜೋಪಾನವಾಗಿ ನೆಲಕ್ಕಿಟ್ಟಳು. ಮಾಣಿಕಮ್ಮ ಮೊದಲು ನೋಡಿದ್ದು ಆ ಕಾಲನ್ನು.

ಸ್ನೇಹಲ್ ಹೆಣದ ಮುಂದೆ ನಿಂತಳು. ಅಳುತ್ತಾಳೆಂದು ಹೆಂಗಸರು ಜಾಗ ಬಿಟ್ಟರು.

“ನಿಮ್ಮ ಮಶೀನು ಸುಳ್ಳ ಹೇಳ್ತು ದೊಡ್ಡಪ್ಪ,” ಎಂದಳು. ಆಮೇಲೆ ಅತ್ತಳು.

*

ಮಶೀನು ಸುಳ್ಳು ಹೇಳಿರಲಿಲ್ಲ.

ತ್ರಿಪುರಾಂತ ಕೆರೆಗೆ ಒಂದು ಚಿಟಿಕೆ ಉಪ್ಪು ಹಾಕಿದರೂ ತಮ್ಮ ಮಶೀನು ಹಿಡಿಯುತ್ತದೆ ಎನ್ನುತ್ತಿದ್ದರು ಬಸವಣಪ್ಪ. ಅವರ ತಂಡ ಒಂದು ಜಾತಿಯ ಸ್ಟೆರಾಯ್ಡಿನ ಬೆನ್ನು ಹತ್ತಿತ್ತು. ನುಂಗಿದ ಗುಳಿಗೆ ಎಷ್ಟು ದಿನ ಮೈಯಲ್ಲಿ ಉಳಿಯುತ್ತದೆಂದು ತಿಳಿಯಲು ಅವರು ತಾವೇ ನುಂಗಿ, ತಮ್ಮದನ್ನೇ ಬಾಟಲಿಗಳಲ್ಲಿ ಹಿಡಿದು ಮನೆಯ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟಿದ್ದರು. ಮಾಣಿಕಮ್ಮ ಆ ವಾರವೆಲ್ಲ ಹಾಲನ್ನು ಪಕ್ಕದ ಮನೆಯಲ್ಲಿ ಇಡಬೇಕಾಯಿತು. ಸಂಶೋಧನೆ ಅಚ್ಚಾದಾಗ ಲೇಖಕರ ಸಾಲಿನಲ್ಲಿ ಅವರ ಹೆಸರು ಕೊನೆಯಿಂದ ಎರಡನೆಯದಾಗಿತ್ತು. ಆ ಪುಟಕ್ಕೆ ಚೌಕಟ್ಟು ಹಾಕಿಸಿದ್ದರು.

ಸ್ನೇಹಲ್ ಓಟದಲ್ಲಿ ರಾಷ್ಟ್ರಮಟ್ಟಕ್ಕೆ ಆಯ್ಕೆಯಾದ ವರ್ಷ ರಜೆಗೆ ಬಂದವರು ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಹೇಳಿದ್ದರು: “ಗುಳಿಗಿ ಮುಟ್ಟಬ್ಯಾಡ್ರಿ. ಸೂಜಿ ಬ್ಯಾಡ. ಕೆಮ್ಮಿನ ಸಿರಪ್ಪೂ ಬ್ಯಾಡ. ನೆಗಡಿ ಆದ್ರ ಮೂಗ ಒರಸ್ಕೋರಿ, ಅಷ್ಟೇ.” ಮನೆ ಆ ಮಾತನ್ನು ವ್ರತದ ಹಾಗೆ ನಡೆಸಿತು. ಹುಡುಗಿಗೆ ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದರೇ ಹೊರತು ಗುಳಿಗೆ ಕೊಡಲಿಲ್ಲ. ಕ್ರೀಡಾಕೂಟಕ್ಕೆ ವಾರವಿದ್ದಾಗ ಮೊಣಕಾಲು ಊದಿತು. ಆಗ ಊರಲ್ಲೇ ಉಳಿದಿದ್ದ ಮಾಣಿಕಮ್ಮ ತನ್ನ ಮಂಡಿನೋವಿಗೆಂದು ಹುಮನಾಬಾದಿನ ಸಂತೆಗೆ ಬರುವ ವೈದ್ಯನಿಂದ ತಂದಿದ್ದ ಪುಡಿಯನ್ನು ಕೊಟ್ಟಳು. ಬೇರು, ತೊಗಟೆ, ಅಜಿವಾನದ ವಾಸನೆ. ಗುಳಿಗೆ ಅಲ್ಲ, ಪುಡಿ. ನೋವು ಎರಡೇ ದಿನಕ್ಕೆ ಮಾಯವಾಯಿತು. ಹುಡುಗಿ ಗೆದ್ದಳು. ಮೂರು ವಾರದ ಮೇಲೆ, ಮೂತ್ರದಲ್ಲಿ ಸ್ಟೆರಾಯ್ಡ್ ಸಿಕ್ಕಿದೆ ಎಂಬ ಪತ್ರ ಬಂತು. ಕೈಗೆ ಬಂದಿದ್ದ ಕ್ರೀಡಾ ಕೋಟಾದ ಪೊಲೀಸ್ ನೌಕರಿ ಹೋಯಿತು.

“ಏನ ತಿಂದಿದ್ದಳು?” ಎಂದು ಬಸವಣಪ್ಪ ಹೆಂಡತಿಯೊಬ್ಬಳನ್ನೇ ಕೇಳಿದ್ದರು. ಉಳಿದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ, ಗೆಳೆಯನೊಬ್ಬನ ಕಾಲೇಜಿನಲ್ಲಿ ಪರೀಕ್ಷಿಸಿ ಬಂದರು. ಬಂದವರು ಚಪ್ಪಲಿ ಕೂಡ ಬಿಡಲಿಲ್ಲ.

“ಇದರಾಗ ಅದ. ಆ ವೈದ್ಯ ಗುಳಿಗಿ ಅರದು ಕಲಸ್ಯಾನ, ಮಗ. ಹುಡುಗಿಗೆ ಗೊತ್ತಿರಲಿಲ್ಲ ಅಂತ ತೋರಿಸಿದ್ರ ಶಿಕ್ಷಾ ಕಮ್ಮಿ ಮಾಡ್ತಾರ. ನೀ ಬಂದು ಹೇಳಬೇಕು, ನಾ ಕೊಟ್ಟೆ ಅಂತ.”

ಮಾಣಿಕಮ್ಮ ಅವರ ಕಾಲು ಹಿಡಿದಳು. “ಮಕ್ಕಳಿಲ್ಲದಾಕಿ, ಹೊಟ್ಟೆಕಿಚ್ಚಿಗೆ ಮಾಡಿದಳು ಅಂತಾರ್ರಿ. ಧನರಾಜನ ಹೆಂಡತಿ ನನ್ನ ಬಾಗಲಾಗ ನಿಲ್ಲಸಂಗಿಲ್ಲ. ನಿಮ್ಮ ಹಿಂದ ನನಗ ಯಾರದಾರ?”

ಮಶೀನು ಹೇಳಿದ್ದನ್ನು ಬಸವಣಪ್ಪ ಮುಚ್ಚಿಟ್ಟದ್ದು ಅದೊಂದೇ ಸಲ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಘಾಟಬೋರಾಳ, ರಾಜೇಶ್ವರ, ಹುಮನಾಬಾದಿನ ಶಾಲೆಗಳಿಗೆಲ್ಲ ಹೋಗಿ ಮಕ್ಕಳಿಗೆ ಭಾಷಣ ಮಾಡಿದರು. ಗುಳಿಗೆ, ಸೂಜಿ, ಸಿರಪ್ಪು ಎಲ್ಲ ಹೇಳುತ್ತಿದ್ದರು. ಪುಡಿಯ ಹತ್ತಿರ ಬಂದಾಗ ನೀರು ಕುಡಿಯುತ್ತಿದ್ದರು.

*

ವಿಧಿ ಮಾಡಿಸುವ ಅಯ್ಯನವರು ಬರುವುದು ತಡವಾಯಿತು. ಕೂತ ಹೆಣಕ್ಕೆ ರುಮಾಲು ಸುತ್ತಿದ್ದರು. ಬಸವಣಪ್ಪ ಇನ್ನೇನು ಯಾರದೋ ಮದುವೆಗೆ ಹೊರಟವರಂತೆ ಕಾಣುತ್ತಿದ್ದರು. ಧನರಾಜ ಬಂದು ಅತ್ತಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ.

“ವೈನಿ, ಇವತ್ತಿನಿಂದ ಒಲಿ ಹಚ್ಚಬ್ಯಾಡ್ರಿ. ಊಟ, ನಿದ್ದಿ ಎಲ್ಲಾ ನಮ್ಮ ಕಡೇನೇ. ನಮ್ಮಾಕಿನೂ ಅದೇ ಹೇಳಾಕತ್ತಾಳ.”

ಮಾಣಿಕಮ್ಮ ತಲೆಯಾಡಿಸಿದಳು. ಅವನು ಎದ್ದು ಹೋದ ಜಾಗದಲ್ಲಿ ಸ್ನೇಹಲ್ ಬಂದು ಕುಳಿತಳು. ಎಷ್ಟೋ ವರ್ಷದ ಮೇಲೆ ದೊಡ್ಡಮ್ಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ದೊಡ್ಡವ್ವ, ಇವತ್ತು ಕೇಳಬಾರದು ಖರೆ. ನನಗೊಮ್ಮೆ ಮೊಣಕಾಲಿಗೆ ಪುಡಿ ಕೊಟ್ಟಿದ್ದಿಯಲ್ಲ, ಅದು ಎಲ್ಲಿ ಸಿಗ್ತದ? ಈ ಹುಡುಗಿಗೆ ಮುಂದಿನ ವಾರ ಬೆಂಗಳೂರಾಗ ಓಟ ಅದ. ನಿಂದ್ರಾಕ ಬರವಲ್ದು.”

ಮಾಣಿಕಮ್ಮ ಮತ್ತೆ ವರ್ಷಾಳ ಕಾಲಿನ ಕಡೆ ನೋಡಿದಳು.

“ದವಾಖಾನಿಗೆ ತೋರಸು.”

“ದವಾಖಾನ್ಯಾಗ ಗುಳಿಗಿ ಕೊಡ್ತಾರ. ಗುಳಿಗಿ ಬ್ಯಾಡಂತ ದೊಡ್ಡಪ್ಪನೇ ಹೇಳ್ತಿದ್ದಿಲ್ಲೇನು? ನಿನ್ನ ಪುಡಿಯಿಂದ ನನಗೇನೂ ಆಗಿದ್ದಿಲ್ಲ. ನನ್ನ ಕೆಡಿಸಿದ್ದು ಕ್ಯಾಂಪಿನ ಪ್ರೋಟೀನ್ ಡಬ್ಬಿ, ಇಲ್ಲಾ ಇವರ ಮಶೀನು.”

“ಆ ವೈದ್ಯ ಸತ್ತಾನವ್ವ,” ಎಂದಳು ಮಾಣಿಕಮ್ಮ.

ಬೆಳಗಿನಿಂದ ಆಕೆಗೆ ಚಹಾ ಕುಡಿಸಲು ಹೆಣಗುತ್ತಿದ್ದ ಪಕ್ಕದ ಮನೆಯ ವಜೀರಬಿ, ಗೆಳತಿಯ ತಲೆ ದುಃಖಕ್ಕೆ ಮಂಕಾಗಿದೆ ಎಂದುಕೊಂಡು ನೆರವಿಗೆ ಬಂದಳು.

“ಅಯ್ಯ, ಎಲ್ಲಿ ಸತ್ತಾನಕ್ಕಾ! ಗುಂಡುಗಲ್ಲಿನಂಗ ಅದಾನ. ಮೊನ್ನೆನೇ ನಮ್ಮ ಹುಡುಗ ನದೀಮ್ ನನಗ ಅದೇ ಪುಡಿ ತಂದುಕೊಟ್ಟಾನ. ತಡಿ ಬೇಟಾ, ಮನ್ಯಾಗ ಅದ, ತರ್ತೀನಿ.”

“ಬ್ಯಾಡ ವಜೀರಬಿ. ನಿನಗ ಬೇಕಾಗ್ತದ.”

“ನನಗೇನು ಓಟ ಓಡೂದದ? ಕುಂತ ಮುದುಕಿ.”

“ಬ್ಯಾಡ ಅಂದೆ!”

ದನಿ ಏರಿತ್ತು. ಧನರಾಜನ ಹೆಂಡತಿ ಒಳಗಿನಿಂದ ಬಾಗಿ ನೋಡಿದಳು. ಮಾಣಿಕಪ್ಪನವರೂ ತಿರುಗಿದರು.

“ಯಾಕ ದೊಡ್ಡವ್ವ? ಅದರಾಗ ಏನರೆ ಅದಯೇನು?” ಎಂದಳು ಸ್ನೇಹಲ್. ಅನುಮಾನವಿರಲಿಲ್ಲ ಆ ಪ್ರಶ್ನೆಯಲ್ಲಿ. ಮಾಣಿಕಮ್ಮ ಒಂದು ಮಾತು ಹೇಳಿದರೆ ಸಾಕಾಗಿತ್ತು. ಆ ಮಾತಿಗೆ ಧನರಾಜನ ಮನೆಯ ಊಟ ಹೋಗುತ್ತಿತ್ತು, ಈ ಮಡಿಲು ಹೋಗುತ್ತಿತ್ತು, ಹೊಟ್ಟೆಕಿಚ್ಚಿನ ಬಂಜೆ ಎಂಬ ಹೆಸರು ಬರುತ್ತಿತ್ತು. ನಡುವೆ ನಿಲ್ಲಲು ಗಂಡನಿರಲಿಲ್ಲ.

“ಏನಿಲ್ಲ. ಕಹಿ ಇರ್ತದ,” ಎಂದಳು.

ಅಂಗಳದ ಕಟ್ಟೆಯ ಮೇಲೆ ವರ್ಷಾ ನಕ್ಕಳು. “ಕಹಿ ಇದ್ರೇನ್ರಿ ಅಜ್ಜಿ, ಮೂಗ ಹಿಡಕೊಂಡು ನುಂಗ್ತೀನಿ.”

ವಜೀರಬಿ ತಂದ ಪೊಟ್ಟಣ ಹುಡುಗಿಯ ಬ್ಯಾಗು ಸೇರುವ ಹೊತ್ತಿಗೆ ಅಯ್ಯನವರು ಬಂದರು. ಬಸವಣಪ್ಪನವರನ್ನು ಹೂವಿನ ವಿಮಾನದಲ್ಲಿ ಕೂರಿಸಿ ಎತ್ತಿದರು. ಭಜನೆಯವರು ತಾಳ ಹಾಕಿದರು. ದಾರಿಯಲ್ಲಿ ನಿಂತವರು ಕೈಮುಗಿದು, ಯಾರಿವರು ಎಂದು ಕೇಳಿ, ಹೇಳಿದ ಮೇಲೆ ‘ಓ, ಅವರಾ’ ಎಂದು ಸಣ್ಣಗೆ ನಕ್ಕರು. ಗುಣಿಯೊಳಗೆ ಇಳಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಸುರಿದರು. ಮಾಣಿಕಮ್ಮನ ಸರದಿ ಬಂದಾಗ ಆಕೆ ಹಿಡಿ ಮಣ್ಣು ಹಿಡಿದು ಬಗ್ಗಿ ಅವರ ಮುಖವನ್ನು ನೋಡುತ್ತಲೇ ಇದ್ದಳು. ಹಿಂದಿನವರು ತೋಳು ಹಿಡಿದು ಸರಿಸಬೇಕಾಯಿತು.

ರುದ್ರಭೂಮಿಯ ಹೊರಗೆ ಸ್ನೇಹಲ್ ಸ್ಕೂಟಿ ಚಾಲೂ ಮಾಡಿದ್ದಳು. ಕತ್ತಲಾಗುವುದರೊಳಗೆ ಹುಮನಾಬಾದ್ ಮುಟ್ಟಬೇಕಿತ್ತು. ಮಾಣಿಕಮ್ಮ ಹೆಂಗಸರ ಕೈ ಬಿಡಿಸಿಕೊಂಡು ಹತ್ತಿರ ಹೋಗಿ ಹ್ಯಾಂಡಲ್ ಹಿಡಿದಳು.

“ಏನು ದೊಡ್ಡವ್ವ?”

ಮಾಣಿಕಮ್ಮ ಹಿಂದೆ ಕುಳಿತಿದ್ದ ವರ್ಷಾಳ ಬ್ಯಾಗಿನ ಕಡೆ ನೋಡಿದಳು. ಹಿಂದೆ ಧನರಾಜ ‘ವೈನಿ, ಬರ್ರಿ’ ಎಂದು ಕರೆದ.

“ಖಾಲಿ ಹೊಟ್ಟೀಲೆ ತಗೋಬ್ಯಾಡ ಅಂತ ಹೇಳು,” ಎಂದಳು. “ಉರಿತದ.”

ಬೆಂಗಳೂರಿನಲ್ಲಿ ವರ್ಷಾ ಮೊದಲನೆಯವಳಾಗಿ ಬಂದಳು. ಆಕೆಯ ಮೂತ್ರದ ಮಾದರಿ ದಿಲ್ಲಿಗೆ ಹೋಯಿತು. ಎರಡು ವರ್ಷ ನಿಷೇಧ ಹಾಕಿದರು.